ಹಿಂದಿನ ಮಗ್ಗುಲು ನೋಡುತ್ತಿದ್ದ ಕಾಕಾ

ಪಂಚಿಂಗ್ ಕಾಕಾರ ಬಲಗಾಲಿನ ಮೀನಖಂಡ ಎಡಗಾಲಿನದಕ್ಕಿಂತ ಒಂದೂವರೆಪಟ್ಟು ದಪ್ಪ. ಧೋತರವನ್ನು ಮೊಳಕಾಲಿಗೇರಿಸಿ ಮನೆಯ ಕಟ್ಟೆಯ ಮೇಲೆ ಕೂತರೆಂದರೆ, ಪೈಲವಾನನ ಒಂದು ಕಾಲು, ಸಾಲಿ ಮಾಸ್ತರನ ಒಂದು ಕಾಲು ತಂದು ಒಬ್ಬರಿಗೇ ಹಚ್ಚಿದಂತೆ ಕಾಣುತ್ತಿತ್ತು. ಮೂವತ್ತು ನಲವತ್ತು ವರ್ಷ ಒಂದೇ ಕಾಲಿನಿಂದ ಒಂದೇ ಪೆಡಲ್ ತುಳಿದ ಗುರುತು ಅದು. ಸೊಲ್ಲಾಪುರದ ಚಾದರದ ಮೇಲೆ ಹೂವು, ನವಿಲು ಮೂಡಬೇಕಾದರೆ ಮಗ್ಗದ ತಲೆಯ ಮೇಲೆ ತೂತು ಕೊರೆದ ರಟ್ಟಿನ ಪಟ್ಟಿಗಳ ಮಾಲೆ ತಿರುಗಬೇಕು. ಯಾವ ಎಳೆ ಏಳಬೇಕು, ಯಾವುದು ಸುಮ್ಮನಿರಬೇಕು ಎಂದು ಮಗ್ಗಕ್ಕೆ ಹೇಳುವುದು ಆ ತೂತುಗಳೇ. ಅವನ್ನು ಕೊರೆಯುವುದು ಕಾಕಾರ ಕೆಲಸ. ಬೆರಳಿನಿಂದ ಗುಂಡಿ ಒತ್ತಿ ಕಾಲಿನಿಂದ ಪೆಡಲ್ ತುಳಿದರೆ ಒಂದು ಸಾಲು ತೂತು ಬೀಳುತ್ತಿತ್ತು. ಓಣಿಯವರೆಲ್ಲ ಅವರನ್ನು ಪಂಚಿಂಗ್ ಕಾಕಾ ಅನ್ನುತ್ತಿದ್ದದ್ದು ಅದಕ್ಕೇ. ಕೊರೆದಾಗ ಉದುರುವ, ತೊಗರಿಬೇಳೆಯಷ್ಟಿದ್ದ ರಟ್ಟಿನ ಚುಕ್ಕೆಗಳು ಅವರ ಕೂದಲಲ್ಲಿ, ಜೇಬಿನಲ್ಲಿ ಸದಾ ಇರುತ್ತಿದ್ದವು. ನಮ್ಮ ಮನೆಗೆ ಚಹಾಕ್ಕೆ ಬಂದು ಹೋದ ಮೇಲೆ ಬಸಿಯಲ್ಲೂ ಒಂದೆರಡು ಸಿಗುತ್ತಿದ್ದವು.

ಯಾವ ವಸ್ತು ಕೈಗೆ ಬಂದರೂ ಕಾಕಾ ಮೊದಲು ಅದನ್ನು ತಿರುಗಿಸಿ ಹಿಂದಿನ ಮಗ್ಗುಲು ನೋಡುತ್ತಿದ್ದರು. ಚಾದರವಿರಲಿ, ಲಗ್ನಪತ್ರಿಕೆಯಿರಲಿ, ತಾಟಿನ ಮೇಲಿನ ಬಿಸಿ ಭಕ್ಕರಿಯಿರಲಿ, ತಿರುಗಿಸಿದ ಮೇಲೆಯೇ ಮುಂದಿನ ಮಾತು. "ಮುಂದಿನ ಮಗ್ಗಲಾ ಮಂದಿಗೆ ತೋರ್ಸಾಕ ಮಾಡಿರತಾರ. ಕೆಲಸಾ ಹೆಂಗ ಮಾಡ್ಯಾರ ಅಂತ ಹಿಂದ ತಿಳೀತೈತಿ" ಎನ್ನುತ್ತಿದ್ದರು. ಪಕ್ಕದಲ್ಲಿ ಸೊಪ್ಪು ಸೋಸುತ್ತ ಕೂತ ಅವರ ಹೆಂಡತಿ ಕಾಕು ಬಿಡುತ್ತಿದ್ದಳೇ? "ನನ್ನ ನೋಡಾಕ ಬಂದಾಗ ಮಾರಿ ಬಿಟ್ಟು ಸೆರಗಿನ ಹಿಂದಿನ ಮಗ್ಗಲಾ ನೋಡಿದ್ರ ನೋಡವಾ ಇವ್ರು! ನೇಯ್ಗಿ ಚಲೋ ಐತಿ ಅಂತ ನನ್ನ ಮಾಡ್ಕೊಂಡಾರ."

ನನ್ನ ಕೆಲಸ ಬಾಸಿಂಗ ಮಾಡುವುದು. ಕರಜಗಿಯ ನಮ್ಮಜ್ಜಿ ಮಾತಿನ ಜೊತೆಗೇ ಕಲಿಸಿಕೊಟ್ಟ ಕೆಲಸ. ಮದುಮಕ್ಕಳ ಹಣೆಗೆ ಕಟ್ಟುವ ಆ ಬಾಸಿಂಗದ ನವಿಲು, ಗೋಪುರ, ಹೂವುಗಳನ್ನು ಜರಿಕಾಗದದಲ್ಲಿ ಕತ್ತರಿಯಿಂದ ಕತ್ತರಿಸಿ, ರಟ್ಟಿಗೆ ಅಂಟಿಸಿ, ದಾರದಿಂದ ಬಿಗಿಯಬೇಕು. ಲಗ್ನವಾಗಿ ಸೊಲ್ಲಾಪುರಕ್ಕೆ ಬಂದ ಹೊಸದರಲ್ಲಿ ರಟ್ಟಿಗೆ ತೂತು ಹಾಕುತ್ತ ಒದ್ದಾಡುತ್ತಿದ್ದ ನನ್ನನ್ನು ಕಂಡು ಕಾಕಾ ಒಂದು ಕಟ್ಟು ಹಳೆಯ ಮಗ್ಗದ ಪಟ್ಟಿ ತಂದುಕೊಟ್ಟರು. "ತೊಗೊ ತಂಗಿ, ತೂತು ನಾ ಹಾಕೇ ಇಟ್ಟೀನಿ." ಅಂದಿನಿಂದ ನನ್ನ ಬಾಸಿಂಗಗಳ ಬೆನ್ನಿಗೆಲ್ಲ ಕಾಕಾರ ರಟ್ಟೇ. ಎಷ್ಟು ಮದುಮಕ್ಕಳ ಹಣೆಯ ಮೇಲೆ, ಯಾರಿಗೂ ಕಾಣದಂತೆ, ಯಾವ ಯಾವ ಚಾದರದ ಹೂವು ಕೂತು ಬಂದಿತೋ!

ಆಮೇಲೆ ಮಗ್ಗಗಳಿಗೆ ಕಂಪ್ಯೂಟರ್ ಬಂತು. ರಟ್ಟು ಬೇಡವಾಯಿತು. ಕಾಕಾ ತಮ್ಮ ಪಂಚಿಂಗ್ ಯಂತ್ರಕ್ಕೆ ಎಣ್ಣೆ ಹಚ್ಚಿ, ಹಳೆಯ ಚಾದರ ಹೊದಿಸಿ, ಕಟ್ಟೆಗೆ ಬಂದು ಕೂತರು. ಅದರ ಬಗ್ಗೆ ಅವರು ಹೆಚ್ಚು ಮಾತಾಡಿದ್ದನ್ನು ನಾನು ಕೇಳಿಲ್ಲ. ಬೆರಳುಗಳು ಮಾತ್ರ ಮೊಳಕಾಲಿನ ಮೇಲೆ ಇಲ್ಲದ ಗುಂಡಿಗಳನ್ನು ಒತ್ತುತ್ತಲೇ ಇರುತ್ತಿದ್ದವು.

ಆ ವರ್ಷ ಅಕ್ಕಲಕೋಟದ ಸಾಮೂಹಿಕ ಲಗ್ನಕ್ಕೆ ಇಪ್ಪತ್ತೊಂದು ಜೋಡಿಯ ಬಾಸಿಂಗ ಒಪ್ಪಿಕೊಂಡಿದ್ದೆ. ಒಪ್ಪಿಕೊಂಡ ಎಂಟು ದಿನಕ್ಕೆ ನನ್ನ ಬಲಗೈ ಹೆಬ್ಬೆರಳು ಕೈಕೊಟ್ಟಿತು. ಮಡಚಿದರೆ ಬಿಚ್ಚದು. ಎಡಗೈಯಿಂದ ಬಿಡಿಸಿದರೆ ಟಕ್ ಎನ್ನುವುದು. "ಮೂರು ತಿಂಗಳ ಕತ್ತರಿ ಮುಟ್ಟಬ್ಯಾಡ್ರಿ. ಮುಟ್ಟಿದ್ರ ಬೆರಳು ಹಿಂಗ ಉಳೀತೈತಿ" ಎಂದರು ಡಾಕ್ಟರು. ಲಗ್ನಕ್ಕೆ ಇದ್ದದ್ದು ಒಂದೇ ತಿಂಗಳು. ನಲವತ್ತೆರಡು ಹಣೆಗಳು ಬರಿದಾಗಿ ಸಾಲುಗಟ್ಟಿ ನನ್ನನ್ನೇ ನೋಡುತ್ತಿರುವಂತೆ ಅನಿಸಿ ಊಟ ಸೇರದಾಯಿತು.

ಫೋನಿನಲ್ಲಿ ಹುಡುಕಿದಾಗ ಕಾಗದ ಕತ್ತರಿಸುವ ಯಂತ್ರಗಳು ಕಂಡವು. ಡಿಸೈನ್ ಕೊಟ್ಟರೆ ಒಳಗಿನ ಸಣ್ಣ ಬ್ಲೇಡು ತಾನೇ ಓಡಾಡಿ ಕತ್ತರಿಸುತ್ತದೆ. ಹತ್ತಾರು ತರದವು, ಯಾವುದು ನನಗಾಗುವುದೋ ತಿಳಿಯದು. ಕೇಳಬೇಕೆಂದರೆ ರಟ್ಟು ಕಾಗದದ ಮರ್ಮ ಬಲ್ಲವರು ಕಾಕಾ ಒಬ್ಬರೇ. ಅವರಿಗೇ ಮುಚ್ಚಿಡುತ್ತಿದ್ದೆ. ಕಾಕುಗೆ ಮಾತ್ರ ಹೇಳಿದ್ದೆ, ಅವಳು ಬಾಯಿ ತಡೆಯದೆ ಹೇಳಿಬಿಟ್ಟಳು.

ಮರುದಿನ ಬೆಳಿಗ್ಗೆ ಕಾಕಾ ಬಾಗಿಲಲ್ಲಿ ನಿಂತಿದ್ದರು. "ಮಶೀನ್ ತೊಗೊಳಾಕತ್ತೀಯಂತ?"

"ಇಲ್ರಿ ಕಾಕಾ, ಸುಮ್ನ ನೋಡಾಕತ್ತಿದ್ದೆ."

"ಸುಮ್ನ ನೋಡಾಕ ಅದೇನ ಸಿನಿಮಾ ಏನು? ಕೈ ತೋರ್ಸು."

ತೋರಿಸಿದೆ. ಬೆರಳು ಟಕ್ ಎಂದಿತು. ಆ ಸದ್ದಿಗೆ ಅವರೇ ಹಲ್ಲು ಕಚ್ಚಿದರು.

"ನನಗ್ಯಾಕ ಹೇಳ್ಲಿಲ್ಲ?"

"ನಿಮ್ಮ ಕೆಲಸಾ ಕಂಪ್ಯೂಟರ್ ಕಸ್ಗೊಂಡೈತಿ. ಅಂಥಾದ ಒಂದು ನಾನೂ ತರತೀನಿ ಅಂತ ನಿಮ್ಮ ಮುಂದ ಹೆಂಗ ಹೇಳ್ಲಿರಿ?"

ಕಾಕಾ ಜೋರಾಗಿ ನಕ್ಕರು. "ಹುಚ್ಚವ್ವ! ನನ್ನ ಕೆಲಸಾ ಅದು ಒಯ್ತು ಅಂತ ನಿನ್ನ ಬೆರಳ ನಾ ಒಯ್ಯಲೇನು? ಚಪ್ಪಲಿ ಹಾಕ್ಕೊ. ನಿನ್ನ ಕಾಗದಾ ಎಲ್ಲಾ ತರದ್ದೂ ಒಂದೊಂದ ಹಾಳಿ ತೊಗೊ."

ನನ್ನ ಮನಸ್ಸು ಅರ್ಧ ಹಗುರಾದದ್ದು ಅಲ್ಲಿಯೇ.

ಯಂತ್ರ ಮಾರುವ ಅಂಗಡಿಯವನು ಮೊದಲು ದೊಡ್ಡದನ್ನೇ ತೋರಿಸಿದ. ಇಡೀ ಬಾಸಿಂಗ ಒಂದೇ ಹಾಳೆಯಲ್ಲಿ ಬರುವಷ್ಟು ಅಗಲ. ತನ್ನದೇ ತೆಳ್ಳನೆಯ ಗುಲಾಬಿ ಕಾಗದ ಹಾಕಿ ಚಿಟ್ಟೆಯೊಂದನ್ನು ಕತ್ತರಿಸಿ ನನ್ನ ಅಂಗೈಯಲ್ಲಿಟ್ಟ. "ಬಗಾ ಮೇಡಮ್, ಕಿತೀ ಮಸ್ತ!" ಎಷ್ಟು ಚೆಂದ ನೋಡಿ ಎಂದು ಮರಾಠಿಯಲ್ಲಿ ತಾನೇ ಹೊಗಳಿಕೊಂಡ. ನಾನು ಅಲ್ಲಿಯೇ ಸೋತೆ. ಕಾಕಾ ಚಿಟ್ಟೆಯನ್ನು ತಿರುಗಿಸಿ ನೋಡಿ ಕೆಳಗಿಟ್ಟರು.

"ಈಕಿ ಚಿಟ್ಟಿ ಮಾಡಂಗಿಲ್ರಿ. ಇದಕ್ಕ ನೆಟ್ ಬೇಕೇನು?"

"ಹೌದ್ರಿ ಕಾಕಾ, ಡಿಸೈನ್ ಎಲ್ಲಾ ನೆಟ್ ಮ್ಯಾಲೇ ತೆರೀತಾವ."

"ಮತ್ತೊಂದು ಚಿಟ್ಟಿ ಹಾಕ್ರಿ."

ಅವನು ಉತ್ಸಾಹದಿಂದ ಹಾಕಿದ. ಬ್ಲೇಡು ಅರ್ಧ ರೆಕ್ಕೆ ಮುಗಿಸಿತ್ತು. ಕಾಕಾ ಕೈ ಚಾಚಿ ಗೋಡೆಯ ಸ್ವಿಚ್ ಆರಿಸಿಬಿಟ್ಟರು.

"ಅಯ್ಯಯ್ಯ! ಏನ್ ಮಾಡಿದ್ರಿ ಕಾಕಾ!"

"ಕರೆಂಟ್ ಹೋತು. ಈಗ ಚಾಲೂ ಮಾಡ್ರಿ, ಬಿಟ್ಟಲ್ಲಿಂದ ಹಿಡೀತೈತೇನ ನೋಡೂಣು. ನಮ್ಮ ಮಗ್ಗಾ ಯಾವ ಪಟ್ಟಿ ಮ್ಯಾಲ ನಿಂತಿತ್ತೋ ಅದೇ ಪಟ್ಟಿಯಿಂದ ಸುರು ಆಗತಿತ್ತು."

ಹಿಡಿಯಲಿಲ್ಲ. ಹಾಳೆ ಕೆಟ್ಟಿತು. "ಕರೆಂಟ್ ಹ್ವಾದ್ರ ಯಾವ ಮಶೀನೂ ಬಿಟ್ಟಲ್ಲಿಂದ ಹಿಡಿಯಂಗಿಲ್ರಿ" ಎಂದು ಅಂಗಡಿಯವನು ತಲೆ ಕೆರೆದುಕೊಂಡ.

"ಹಂಗಾರ ಸಣ್ಣ ಮಶೀನ್ ತೋರ್ಸ್ರಿ. ಸಣ್ಣ ಹಾಳಿ ಹಾಕಿದ್ರ ಕೆಡೂದೂ ಸಣ್ಣದ ಕೆಡತೈತಿ. ಏ ತಂಗಿ, ನಿಮ್ಮಜ್ಜಿ ಇಡೀ ಬಾಸಿಂಗಾ ಒಂದ ಹಾಳ್ಯಾಗ ಕತ್ತರಸ್ತಿದ್ಳೇನು?"

ಇಲ್ಲ. ನವಿಲು ಬೇರೆ, ಗೋಪುರ ಬೇರೆ, ಹೂವು ಬೇರೆ. ಅದು ನನಗೇ ಹೊಳೆದಿರಲಿಲ್ಲ.

ಸಣ್ಣದು ಪೆನ್ ಡ್ರೈವ್‌ನಿಂದಲೇ ಡಿಸೈನ್ ಓದುತ್ತಿತ್ತು, ನೆಟ್ಟಿನ ಹಂಗಿಲ್ಲ. ಅಂಗಡಿಯವನ ಬಳಿಯಿದ್ದ ನವಿಲಿನ ಡಿಸೈನಿಗೆ ನನ್ನ ಜರಿಕಾಗದ ಹಾಕಿದೆವು. ನವಿಲು ಹೊರಬಂತು. ಗರಿಗಳ ಅಂಚಿನಲ್ಲೆಲ್ಲ ಬಂಗಾರದ ಪದರು ಎದ್ದು, ಕೋಳಿ ಕೆದರಿದಂತಾಗಿತ್ತು. "ಈ ಕಾಗದಾ ಇದಕ್ಕ ಆಗಂಗಿಲ್ಲ ಮೇಡಮ್" ಎಂದ ಅಂಗಡಿಯವನು. ಜರಿಯಿಲ್ಲದ ಬಾಸಿಂಗ ಯಾರು ಕಟ್ಟಿಕೊಳ್ಳುತ್ತಾರೆ? ಎದ್ದು ಹೊರಡೋಣ ಎಂದೆ.

ಕಾಕಾ ಏಳಲಿಲ್ಲ. ಇನ್ನೊಂದು ಹಾಳೆ ತೆಗೆದುಕೊಂಡರು. ಅಭ್ಯಾಸದಂತೆ ತಿರುಗಿಸಿ ಬಿಳಿ ಮಗ್ಗುಲು ನೋಡಿದರು. "ಬಂಗಾರ ಕೆಳಗ ಮಾಡಿ ಹಾಕ್ರಿ. ಹಿಂದಿನಿಂದ ಕತ್ತರಸ್ಲಿ." ಹಾಳೆ ಹಿಡಿದಿಡುವ ಹಾಸಿನ ಅಂಟಿಗೆ ಬಂಗಾರ ಕಿತ್ತು ಬರದಿರಲೆಂದು ಹೆಗಲ ಮೇಲಿನ ಟಾವೆಲಿನಿಂದ ಒತ್ತಿ ಒತ್ತಿ ಅಂಟನ್ನು ಕಡಿಮೆಯೂ ಮಾಡಿದರು.

"ಡಿಸೈನ್ ಉಲ್ಟಾ ಬರತೈತ್ರಿ ಕಾಕಾ" ಎಂದ ಅಂಗಡಿಯವನು.

"ಬರ್ಲಿ. ಎಡಗಡೆ ನವಿಲು ಬಲಗಡೆ ಹಚ್ಚತಾಳ, ಬಲಗಡೇದು ಎಡಗಡೆ. ಅವ್ಕೇನು ಊರು ಬದಲಾಗತೈತೇನು?"

ಈ ಸಲದ ನವಿಲಿನ ಅಂಚನ್ನು ಕಾಕಾ ಹೆಬ್ಬೆರಳಿನ ಉಗುರಿನಿಂದ ಮೆಲ್ಲಗೆ ಸವರಿದರು. ಉಗುರು ಎಲ್ಲೂ ಸಿಕ್ಕಿಕೊಳ್ಳಲಿಲ್ಲ. "ಹಾಂ, ಹಾಕು" ಎಂದು ನನ್ನ ಕಡೆ ನೋಡಿದರು. ಅಂಗಡಿಯಲ್ಲಿಯೇ ಕಣ್ಣು ತುಂಬಿ ಬಂತು. ಆ ಸಣ್ಣ ಯಂತ್ರವನ್ನೇ ಕೊಂಡೆ.

ಮುಂದಿನ ಮೂರು ವಾರ ಕಾಕಾ ನಮ್ಮ ಮನೆಯಲ್ಲೇ ಇದ್ದರೆನ್ನಬೇಕು. ನಾನು ಡಿಸೈನ್ ಹಾಕುವುದು, ಅವರು ಹಾಳೆ ತಿರುಗಿಸಿ ಹಾಸಿನ ಮೇಲೆ ಅಂಟಿಸುವುದು, ಕಾಕು ರಟ್ಟಿಗೆ ಅಂಟಿಸಿ ದಾರ ಬಿಗಿಯುವುದು. ನಡುವೆ ಕರೆಂಟ್ ಹೋಗದಿರುತ್ತದೆಯೇ? ಹೋಯಿತು. ಒಂದು ನವಿಲಿನ ಕುತ್ತಿಗೆ ಅರ್ಧಕ್ಕೆ ನಿಂತಿತು. ಕಾಕಾ ಅದನ್ನೆತ್ತಿ, "ಒಂದ ಹೋತು ನೋಡು, ಅಷ್ಟ" ಎಂದು ತಮ್ಮ ಟೊಪ್ಪಿಗೆಗೆ ಸಿಕ್ಕಿಸಿಕೊಂಡು ದಿನವಿಡೀ ಮೆರೆದರು. ಬಾಸಿಂಗಗಳ ಬೆನ್ನಿಗೆ ತಾವು ತೆಗೆದಿಟ್ಟಿದ್ದ ಕೊನೆಯ ಕಟ್ಟು ಪಟ್ಟಿಗಳನ್ನೇ ಕೊಟ್ಟರು.

ಅಕ್ಕಲಕೋಟದ ಬಸ್ಸಿನಲ್ಲಿ ಎರಡು ದೊಡ್ಡ ಡಬ್ಬಿಗಳಲ್ಲಿ ಒಂದು ನನ್ನ ತೊಡೆಯ ಮೇಲೆ, ಒಂದು ಅವರ ತೊಡೆಯ ಮೇಲೆ. ಯಾರಾದರೂ ಒರಗಿದರೆ "ಹುಷಾರ್ರಿ, ಒಳಗ ಮದಿಮಕ್ಕಳ ಅದಾರ" ಎನ್ನುವರು. ಮಂಟಪದಲ್ಲಿ ಇಪ್ಪತ್ತೊಂದು ಜೋಡಿ ಸಾಲಾಗಿ ಕೂತು, ನಲವತ್ತೆರಡು ಹಣೆಗಳೂ ಮಿನುಗಿದಾಗ, ಒಂದು ತಿಂಗಳಿನಿಂದ ಹಿಡಿದಿಟ್ಟ ಉಸಿರನ್ನು ನಾನು ಬಿಟ್ಟೆ. ಪಕ್ಕದಲ್ಲಿ ನೋಡಿದರೆ ಕಾಕಾ ಇಲ್ಲ! ಅಕ್ಷತೆಯ ಗದ್ದಲದಲ್ಲಿ ಒಬ್ಬ ಮದುಮಗನ ಹಿಂದೆ ಹೋಗಿ, ಬಗ್ಗಿ, ಅವನ ಬಾಸಿಂಗದ ಹಿಂದಿನ ಮಗ್ಗುಲು ನೋಡುತ್ತಿದ್ದರು.

"ಯಾಕ್ರಿ ಯಜಮಾನ್ರ, ನನ್ನ ಮಗನ ತೆಲಿ ಯಾಕ ಹಿಡದೀರಿ?" ಎಂದು ಮದುಮಗನ ತಾಯಿ ಗದರಿದಳು.

"ಏನಿಲ್ಲವಾ. ಒಳಗ ನಂದೂ ಸ್ವಲ್ಪ ಕೆಲಸ ಐತಿ" ಎಂದರು ಕಾಕಾ.

ಮರುವರ್ಷ ಶ್ರಾವಣದ ಒಂದು ಬೆಳಿಗ್ಗೆ ಚಹಾ ಕುಡಿದು ಕಟ್ಟೆಯ ಮೇಲೆ ಕೂತವರು ಹಾಗೆಯೇ ಹೋದರು. "ಮೊಳಕಾಲ ಮ್ಯಾಲ ಬೆರಳ ಆಡಾಕತ್ತಿದ್ವು. ನಿಂತ್ವು. ಆವಾಗ ತಿಳೀತು ನನಗ" ಎಂದಳು ಕಾಕು.

ನನ್ನ ಹೆಬ್ಬೆರಳು ಈಗ ನೆಟ್ಟಗಾಗಿದೆ. ಕತ್ತರಿ ಹಿಡಿಯುವ ಕೆಲಸ ಅದಕ್ಕಿಲ್ಲ. ಹೊಸ ಕಾಗದ ಬಂದಾಗ ಯಂತ್ರದಲ್ಲಿ ಒಂದು ಮೂಲೆ ಕತ್ತರಿಸಿ ಅಂಚನ್ನು ಉಗುರಿನಿಂದ ಸವರುವುದಷ್ಟೇ ಅದರ ಕೆಲಸ. ಎಲ್ಲೂ ಸಿಕ್ಕಿಕೊಳ್ಳದಿದ್ದರೆ "ಹಾಂ, ಹಾಕು" ಎಂದು ನನಗೆ ನಾನೇ ಹೇಳಿಕೊಂಡು, ಬಂಗಾರ ಕೆಳಗೆ ಮಾಡಿ ಹಾಳೆ ಇಟ್ಟು, ಗುಂಡಿ ಒತ್ತುತ್ತೇನೆ.