ಅಕ್ಕನ ಕೋಟು ಮತ್ತು ಮೂರು ತಿಂಗಳಾಚೆಯ ಬೆಲೆ

ಮಕ್ಕಳ ಯೂನಿಫಾರಂ ಹೊಲಿಯುವಾಗ ನಮ್ಮ ಬೀದಿಯ ಟೈಲರ್ ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆ ಹೆಚ್ಚಿಗೆ ಮಡಚಿ ಬಿಡುತ್ತಿದ್ದ. ಮಗು ಹೇಗೂ ಬೆಳೆಯುತ್ತದೆ, ಆಗ ಬಿಚ್ಚಿದರಾಯಿತು. ಈ ಲೆಕ್ಕ ಎಂದೂ ತಪ್ಪಿರಲಿಲ್ಲ. ಅವನ ತಲೆ ಕೆಡಿಸಿದ್ದೂ ಇದೇ.

ಮೊಬೈಲಿನಲ್ಲಿ ಬಿಟ್‌ಕಾಯಿನ್‌ಗೆ ಎರಡು ಬೆಲೆ ಕಂಡವು. ಇವತ್ತೇ ಕೊಂಡರೆ ಒಂದು. ಮೂರು ತಿಂಗಳಾಚೆ ಕೊಳ್ಳುವ ಕರಾರಿಗೆ, ಅಂದರೆ ಫ್ಯೂಚರ್ಸ್‌ಗೆ, ಅದಕ್ಕಿಂತ ಹೆಚ್ಚು. ನಡುವಿನ ಅಂತರ ಈ ಮಹಾಶಯನಿಗೆ ಬೆಳೆಯಲೆಂದು ಬಿಟ್ಟ ಬಟ್ಟೆಯ ಹಾಗೆಯೇ ಕಂಡಿತು.

ಅವನ ಅಕ್ಕ ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಒಗೆಯುವವಳು. ದಿನವಿಡೀ ನಿಂತು ಅವಳ ಕಾಲುಗಳು ಊದಿಕೊಂಡಿದ್ದವು.

"ಅಕ್ಕಾ, ಇರೋದೆಲ್ಲ ಹಾಕಿ ಇವತ್ತೇ ಕೊಂಡ್ಕೋ. ಮುಂದಿನ ಬೆಲೆ ಈಗ್ಲೇ ತೋರಿಸ್ತಿದಾರೆ ನೋಡು! ಕೆಲಸ ಬಿಟ್ಟು ಮನೇಲಿ ಕಾಲು ಚಾಚ್ಕೊಂಡು ಕೂತ್ಕೋ."

ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಟೈಲರ್‌ನ ಮಗಳು ಅಡ್ಡ ಬಂದಳು. "ಅಪ್ಪಾ, ಅದು ಭವಿಷ್ಯ ಅಲ್ಲ. ಪೂರ್ತಿ ದುಡ್ಡು ಈಗ್ಲೇ ಹಾಕದೆ ಆಮೇಲೆ ಕೊಳ್ಳೋನು ಅಷ್ಟು ದಿನದ ಬಡ್ಡಿ ಸೇರಿಸಿ ಬೆಲೆ ಒಪ್ಕೋತಾನೆ. ಏರುತ್ತೆ ಅಂತ ಜನ ಮುಗಿಬಿದ್ರೆ ಅಂತರ ಇನ್ನೂ ಹಿಗ್ಗುತ್ತೆ. ಕರಾರಿನ ದಿನ ಎರಡೂ ಒಂದೇ ಆಗುತ್ತೆ. ಮೇಲೋ ಕೆಳಗೋ, ಯಾರಿಗೂ ಗೊತ್ತಿಲ್ಲ."

"ನಿನ್ನೆ ಮೊನ್ನೆ ಹುಟ್ಟಿದೋಳು ನನಗೆ ಹೇಳ್ಕೊಡ್ತೀಯಾ?" ಎಂದು ಅವಳ ಬಾಯಿ ಮುಚ್ಚಿಸಿದ.

ಅಕ್ಕ ತಮ್ಮನನ್ನೇ ನಂಬಿದಳು. ಇದ್ದದ್ದೆಲ್ಲ ಹಾಕಿ ಬಿಟ್‌ಕಾಯಿನ್ ಕೊಂಡಳು, ಕೆಲಸ ಬಿಟ್ಟಳು. ಇನ್ನೇಕೆ ಎಂದು ಕೆಲಸದ ನೀಲಿ ಕೋಟನ್ನೂ ಅಂಗಡಿಗೆ ತಂದುಕೊಟ್ಟಳು. ಅವನು ಅದನ್ನು ಕತ್ತರಿಸಿ ಪ್ಯಾಂಟುಗಳಿಗೆ ಒಳಜೇಬು ಮಾಡಿದ.

ಕರಾರಿನ ದಿನ ಎರಡು ಬೆಲೆಗಳೂ ಒಂದಾದವು, ಅಕ್ಕ ಕೊಂಡ ಬೆಲೆಯ ಅರ್ಧಕ್ಕೆ ಇಳಿದು. ಟೈಲರ್ ನಾಚಿಕೆಯಿಂದ ಅಕ್ಕನ ಮನೆಯ ಮುಂದೆ ಹಾಯುವ ದಾರಿ ಬಿಟ್ಟು ಸುತ್ತಿ ಬಳಸಿ ಅಂಗಡಿಗೆ ಬರತೊಡಗಿದ.

ಕೊನೆಗೆ ಅಕ್ಕನೇ ಬಂದಳು. "ಆಸ್ಪತ್ರೆಯೋರು ಮತ್ತೆ ಬಾ ಅಂದಿದಾರೆ ಕಣೋ. ನನ್ನ ಕೋಟು ಎಲ್ಲಿ?"

ಮೆಷಿನ್ನಿನ ಮೇಲೆ ಯಾರದೋ ಪ್ಯಾಂಟು ಬಿದ್ದಿತ್ತು, ಜೇಬಿನ ನೀಲಿ ಬಟ್ಟೆ ಹೊರಗೆ ಕಾಣುತ್ತಿತ್ತು. ಅಕ್ಕ ಅದನ್ನು ನೋಡಿದಳು.

"ಕತ್ತರಿಸಿಬಿಟ್ಟೆ, ಅಕ್ಕಾ. ತಪ್ಪಾಯ್ತು." ಕೋಟಿಗೂ ಉಳಿದದ್ದಕ್ಕೂ ಸೇರಿಸಿ ಅಷ್ಟೇ ಹೇಳಲು ಅವನಿಂದಾಯಿತು.

ಅವಳು ಹೊಸ ಕೋಟಿಗೆ ಅಳತೆ ಕೊಡಲು ಕೈ ಅಗಲಿಸಿ ನಿಂತಳು. ಟೇಪು ಹಿಡಿದು ಬಗ್ಗಿದವನಿಗೆ ಊದಿದ ಪಾದಗಳು ಕಂಡವು. ತಲೆ ಎತ್ತಲಾಗಲಿಲ್ಲ.

"ಗಟ್ಟಿ ಬಟ್ಟೇಲಿ ಹೊಲಿಯೋ," ಎಂದಳು ಅಕ್ಕ. "ಇನ್ನೂ ಬಹಳ ವರ್ಷ ಹಾಕ್ಕೋಬೇಕು."