ನಾನು ಬರೆಯದ ನಾಲ್ಕನೆಯ ಪ್ರಶ್ನೆ

ದೆವ್ವಗಳನ್ನು ಹುಟ್ಟಿಸುವುದೇ ಆಗ ನನ್ನ ಉದ್ಯೋಗವಾಗಿತ್ತು. ಹಾಗಾಗಿ ಅವುಗಳ ಮೇಲೆ ನನಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳತೊಡಗಿದರೆ, "ಸಾಕು ಬಿಡಿ, ಇದಕ್ಕಿಂತ ಚೆನ್ನಾಗಿ ನಾನೇ ಬರೀತೀನಿ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ನಗುವುದಾದರೆ ನಗಿ, ನನಗೆ ಬೇಸರವಿಲ್ಲ.

ಎರಡು ಸಾವಿರದ ಏಳರ ಸುಮಾರು. ತುಮಕೂರಿನವಳಾದ ನಾನು ವಿಶಾಖಪಟ್ಟಣದ ಮಧುರವಾಡದಲ್ಲಿ, ಕಂಪ್ಯೂಟರ್ ಆಟ ತಯಾರಿಸುವ ಚಿಕ್ಕ ಕಂಪನಿಯೊಂದರಲ್ಲಿ ಕಥೆ ಬರೆಯುತ್ತಿದ್ದೆ. ಹೊರದೇಶದವರಿಗಾಗಿ ಇಂಗ್ಲಿಷಿನಲ್ಲಿ ಮಾಡುತ್ತಿದ್ದ ಆಟವದು. ಒಂದು ಹಳೆಯ ಮನೆ, ಅದರಲ್ಲಿ ಸತ್ತ ಮುದುಕಿಯ ಆತ್ಮ, ಏನನ್ನೋ ಮುಚ್ಚಿಡುತ್ತಿರುವ ಮನೆಮಂದಿ. ಆಡುವವರು ಒಬ್ಬೊಬ್ಬರಿಗೂ ಪ್ರಶ್ನೆ ಕೇಳಿ ತಪ್ಪು ಯಾರದೆಂದು ಕೊನೆಗೆ ತೀರ್ಪು ಕೊಡಬೇಕು. ತೀರ್ಪು ತಪ್ಪಾದರೆ ಮುದುಕಿಗೆ ಬಿಡುಗಡೆಯಿಲ್ಲ. ಪ್ರತಿ ಪಾತ್ರಕ್ಕೂ ನಾನೊಂದು ಹಾಳೆ ಇಟ್ಟಿದ್ದೆ. ಅವನು ಮುಚ್ಚಿಡುವುದೇನು, ಯಾಕೆ, ಅವನಿಗೆ ಕೇಳಬಹುದಾದ ಮೂರು ಪ್ರಶ್ನೆ, ಮೂರು ಉತ್ತರ. ಪ್ರತಿ ಸಾಲಿಗೂ ಒಂದು ನಂಬರು. ಪರೀಕ್ಷೆಗಾಗಿ ಆಡುವಾಗ ಆ ನಂಬರು ಪರದೆಯ ಮೂಲೆಯಲ್ಲಿ ಕಾಣುತ್ತಿತ್ತು.

ಆಟದಲ್ಲಿದ್ದ ಕಿರಿಯ ಮಗನನ್ನು ನಾನು ಕದ್ದದ್ದು ವಿಜಯವಾಡದಿಂದ. ನನ್ನ ಚಿಕ್ಕಮ್ಮನನ್ನು ಅಲ್ಲಿನ ಒನ್ ಟೌನ್ ಪೇಟೆಯ ತೆಲುಗು ಮನೆಗೆ ಕೊಟ್ಟಿತ್ತು. ಚಿಕ್ಕಪ್ಪನಿಗೆ ಅಲ್ಲೇ ಬಟ್ಟೆಯ ಸಗಟು ಅಂಗಡಿ. ಅವರ ತಾಯಿ ಹಾಸಿಗೆ ಹಿಡಿದಾಗ, ಜಗಳ ಮಾಡಿಕೊಂಡು ಕೊಂಡಪಲ್ಲಿಗೆ ಹೋಗಿ ನೆಲೆಸಿದ್ದ ಹಿರಿಮಗನನ್ನು ನೋಡಬೇಕೆಂದು ಹಂಬಲಿಸಿದ್ದರಂತೆ. ಕೊಂಡಪಲ್ಲಿ ಏನು ಮಹಾ ದೂರ! ಆದರೂ ಆ ಮಗ ಬಂದದ್ದು ಹೆಣ ನೋಡಲು. "ನನಗೆ ಯಾರೂ ತಿಳಿಸಲೇ ಇಲ್ಲ" ಎಂದು ಎದೆ ಬಡಿದುಕೊಂಡು ಅತ್ತರು. ಎಲ್ಲರೂ ಚಿಕ್ಕಪ್ಪನ ಮುಖ ನೋಡಿದರು. ಅವರು ತಲೆ ತಗ್ಗಿಸಿ ನಿಂತರೇ ಹೊರತು ಒಂದು ಮಾತೂ ಆಡಲಿಲ್ಲ.

ಅಜ್ಜಿಯ ಸೆರಗು ಹಿಡಿದೇ ಬೆಳೆದಿದ್ದ ಅವರ ಮಗಳು ಸಿರೀಷಾ ಅಂದಿನಿಂದ ತಂದೆಯ ಜೊತೆ ಮಾತು ಬಿಟ್ಟಳು. ಮೂರು ವರ್ಷ ಕಳೆದು ಅವಳ ಮದುವೆ ಗೊತ್ತಾದಾಗಲೂ ಅದೇ ಹಟ. ಕನ್ಯಾದಾನ ಕೊಂಡಪಲ್ಲಿಯ ದೊಡ್ಡಪ್ಪನೇ ಮಾಡಬೇಕು, ಅಪ್ಪ ಮಾಡುವುದಾದರೆ ತಾನು ಹಸೆಮಣೆ ಏರುವುದೇ ಇಲ್ಲವಂತೆ. ಹೆತ್ತ ತಂದೆ ಕಣ್ಣೆದುರು ಇರುವಾಗ! ಕೇಳಿ ನನಗೆ ಸಂಕಟವಾಯಿತು, ಸುಳ್ಳೇಕೆ ಹೇಳಲಿ, ಸರಿಯಾದ ಶಾಸ್ತಿ ಎಂದೂ ಅನ್ನಿಸಿತು. ನನ್ನ ಹಾಳೆಯಲ್ಲಿ ಕಿರಿಯ ಮಗನ ಹೆಸರಿನ ಮುಂದೆ, 'ಯಾಕೆ' ಎಂಬಲ್ಲಿ, 'ಆಸ್ತಿಯ ಆಸೆ' ಎಂದು ಬರೆದುಬಿಟ್ಟೆ. ವಿಜಯವಾಡದ ಅಜ್ಜಿಯ ಕೋಣೆಯಲ್ಲಿ ನೋಡಿದ್ದ ಕೊಂಡಪಲ್ಲಿಯ ಮರದ ಆನೆಯನ್ನೂ ಆಟದ ಮುದುಕಿಯ ಮಂಚದ ಮೇಲೆ ಇಟ್ಟೆ. ಅಂಥ ಬೊಂಬೆ ಅಲ್ಲಿ ಮನೆಮನೆಯಲ್ಲೂ ಇರುತ್ತದೆ, ಅದು ಬರೀ ಅಲಂಕಾರಕ್ಕೆ.

ಒಂದು ಶನಿವಾರ ಮಧ್ಯಾಹ್ನ. ಆಟವನ್ನು ಪರೀಕ್ಷಿಸುವ ಪದ್ಮಾ ಆಡುತ್ತಿದ್ದಳು, ಪಕ್ಕದಲ್ಲಿ ನಾನು ಮೊಸರನ್ನ ತಿನ್ನುತ್ತಿದ್ದೆ. ಕಿರಿಯ ಮಗ ಪರದೆಯ ಮೇಲೆ ಬಂದ. ಮೂರು ಪ್ರಶ್ನೆಗಳು ಬಂದವು: ಆವತ್ತು ಎಲ್ಲಿದ್ದೆ, ಅಣ್ಣನಿಗೆ ಯಾಕೆ ತಿಳಿಸಲಿಲ್ಲ, ಆಸ್ತಿ ಯಾರ ಪಾಲಾಯಿತು. ಅವುಗಳ ಕೆಳಗೆ ನಾಲ್ಕನೆಯದೊಂದು ಇತ್ತು: 'ನೀನು ತಿಳಿಸಿದ್ದೆಯಾ?'

"ಇದನ್ನು ಯಾವಾಗ ಸೇರಿಸಿದ್ರಿ ಅಕ್ಕಾ?" ಎಂದು ತೆಲುಗಿನಲ್ಲಿ ಕೇಳುತ್ತಲೇ ಪದ್ಮಾ ಅದನ್ನು ಒತ್ತಿದಳು. ಪರದೆಯಲ್ಲಿ ಬಂದ ಇಂಗ್ಲಿಷ್ ಉತ್ತರವನ್ನು ಕನ್ನಡದಲ್ಲಿ ಹೇಳುತ್ತೇನೆ. 'ಹೋಗಿ ತಿಳಿಸಿದೆ. ಬಾಗಿಲಲ್ಲೇ ನಿಲ್ಲಿಸಿ, ಬರೋದಿಲ್ಲ ಅಂದ. ಅಮ್ಮನಿಗೆ ಹಾಗಂತ ಹೇಗೆ ಹೇಳಲಿ? ದಾರಿಯಲ್ಲಿ ಈ ಆನೆ ಕೊಂಡು, ದೊಡ್ಡವನು ಕಳಿಸಿದ್ದಾನೆ, ನಾಳೆ ಬರ್ತಾನೆ ಅಂದೆ. ಅಮ್ಮ ಅದನ್ನು ಹಿಡಿದುಕೊಂಡೇ ಹೋದಳು.'

ಮೂಲೆಯಲ್ಲಿ ನಂಬರು ಇರಲಿಲ್ಲ. ಮತ್ತೆ ಮೊದಲಿನಿಂದ ಆಡಿಸಿದೆ, ಮೂರೇ ಪ್ರಶ್ನೆ. ಹಾಳೆ, ಕಡತ, ಕೋಡು ಎಲ್ಲ ಜಾಲಾಡಿದೆವು, ಆ ಸಾಲು ಎಲ್ಲೂ ಸಿಗಲಿಲ್ಲ. ಯಾರೋ ತಮಾಷೆಗೆ ಸೇರಿಸಿದ್ದಾರೆಂದು ಎಲ್ಲರ ಮೇಲೂ ರೇಗಾಡಿದೆ. ಆದರೆ ನಮ್ಮ ಮನೆಯ ಕಥೆಯನ್ನು ಆ ಆಫೀಸಿನಲ್ಲಿ ಒಬ್ಬರಿಗೂ ನಾನು ಹೇಳಿರಲಿಲ್ಲ.

ಮರುದಿನ ಬೆಳಗ್ಗೆ ವಿಜಯವಾಡದ ರೈಲು ಹತ್ತಿದೆ. ಚಿಕ್ಕಪ್ಪ ಅಂಗಡಿಯಲ್ಲಿ ಒಬ್ಬರೇ ಬಟ್ಟೆಯ ಥಾನು ಮಡಚುತ್ತಿದ್ದರು. ಕುಶಲವನ್ನೂ ಕೇಳದೆ, "ಚಿಕ್ಕಪ್ಪಾ, ದೊಡ್ಡಪ್ಪಂಗೆ ನೀವು ತಿಳಿಸಿದ್ರಾ?" ಅಂದೆ.

ಅವರು ಬಟ್ಟೆಯ ಗಂಟಿನ ಮೇಲೆ ಕೂತು, ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಕೇಳಿದರು: "ಯಾರು ಹೇಳಿದ್ರಮ್ಮಾ ನಿನಗೆ? ನಾನು ಯಾರಿಗೂ ಹೇಳಿಲ್ಲ ಕದಾ." ನಾನು ಆನೆಯ ಮಾತೆತ್ತಿದೆ. ಅವರ ಕಣ್ಣು ತುಂಬಿಬಂತು. "ಹೂನಮ್ಮಾ, ನಾನೇ ಕೊಂಡು ತಂದಿದ್ದು. ಅಷ್ಟೊತ್ತಿಗೆ ಅಮ್ಮಂಗೆ ಮಾತು ನಿಂತಿತ್ತು, ಸುಮ್ನೆ ನಕ್ಕಳು. ಸಮಾಧಾನವಾಗಿ ಹೋದಳು. ಈಗ ಅಣ್ಣನ್ನ ಮಕ್ಕಳ ಮುಂದೆ ಸಣ್ಣವನ್ನ ಮಾಡೋದು ಯಾಕೆ? ಸಿರಿಗೆ ಹೇಳಬೇಡ, ಮಾತು ಕೊಡು."

ಕೊಟ್ಟೆ. ಒಂದು ಗಂಟೆಯೊಳಗೆ ಮುರಿದೆ. ಮದುವೆಗೆ ಹದಿನೈದು ದಿನ ಉಳಿದಿತ್ತು, ನನ್ನ ಬಾಯಿಗೆ ಬೀಗ ಎಲ್ಲಿಂದ ತರಲಿ? ಸಿರೀಷಾಳನ್ನು ಕೂರಿಸಿಕೊಂಡು, ಪರದೆಯ ಮೇಲೆ ಕಂಡದ್ದು, ಅಂಗಡಿಯಲ್ಲಿ ಕೇಳಿದ್ದು ಎಲ್ಲ ಹೇಳಿದೆ. ಅವಳು ಎದ್ದು, ಊಟಕ್ಕೆ ಬಂದಿದ್ದ ತಂದೆಯ ಎದುರು ಹೋಗಿ ನಿಂತಳು. ಮೂರು ವರ್ಷದ ಮೇಲೆ ಅಪ್ಪನನ್ನು ನಾನ್ನಾ ಎಂದು ಕರೆದು ಆಡಿದ ಮೊದಲ ಮಾತು: "ನಾನ್ನಾ, ನೀನು ತಿಳಿಸಿದ್ದೆಯಾ?"

ಚಿಕ್ಕಪ್ಪ ಒಂದೇ ಒಂದು ಸಲ ನನ್ನ ಕಡೆ ನೋಡಿದರು. ಆಮೇಲೆ ಮಗಳಿಗೆ, "ಲೇದಮ್ಮಾ" ಅಂದರು. ಇಲ್ಲಮ್ಮಾ.

ಸಿರೀಷಾ ನನ್ನತ್ತ ತಿರುಗಿ, ತನ್ನ ತೊದಲು ಕನ್ನಡದಲ್ಲಿ ಹೇಳಿದಳು: "ಅಕ್ಕಾ, ನಿನ್ನ ಆಟದ ಕಥೆ ನಮ್ಮ ಮನೆಗೆ ತರಬೇಡ." ಅವಳದೇನು ತಪ್ಪು? ಕಥೆ ಕಟ್ಟುವುದೇ ಕಸುಬಾದವಳನ್ನು ಯಾರು ನಂಬುತ್ತಾರೆ? ಆದರೂ ನನಗೆ ಅಳು ತಡೆಯಲಾಗಲಿಲ್ಲ.

ಕನ್ಯಾದಾನವನ್ನು ದೊಡ್ಡಪ್ಪನೇ ಮಾಡಿದರು. ಧಾರೆಯ ನೀರಿನ ಚೆಂಬನ್ನು ತಂದು ಅಣ್ಣನ ಪಕ್ಕದಲ್ಲಿಟ್ಟವರು ಚಿಕ್ಕಪ್ಪ. ಇಟ್ಟು ಹಿಂದೆ ಸರಿದು, ಜನರ ನಡುವೆ ನಿಂತುಕೊಂಡರು. ನಾನು ವಿಶಾಖಪಟ್ಟಣಕ್ಕೆ ಮರಳಿ ಹಾಳೆಯಿಂದ 'ಆಸ್ತಿಯ ಆಸೆ' ಎಂಬುದನ್ನು ಅಳಿಸಿದೆ. ಆ ಜಾಗದಲ್ಲಿ ಚಿಕ್ಕಪ್ಪನ ಕಾರಣವನ್ನು ಬರೆಯಲು ಕೈ ಬರಲಿಲ್ಲ. ಖಾಲಿ ಬಿಟ್ಟದ್ದಕ್ಕೆ ಆಫೀಸಿನಲ್ಲಿ ಬೈಗುಳ ತಿಂದೆ. ಆ ಆಟ ಮುಗಿಯಲೇ ಇಲ್ಲ.

ಎರಡು ವರ್ಷದ ನಂತರ ಚಿಕ್ಕಪ್ಪ ಇದ್ದಕ್ಕಿದ್ದಂತೆ ತೀರಿಕೊಂಡರು. ನಾನು ಹೋಗುವಷ್ಟರಲ್ಲಿ ದೊಡ್ಡಪ್ಪ ತಮ್ಮನ ಕಾಲ ಬಳಿ ಕೂತು, ಎಲ್ಲರ ಎದುರು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು: "ಅವನು ತಿಳಿಸೋಕೆ ಬಂದಿದ್ದ. ನಾನೇ ಹೋಗಲಿಲ್ಲ."

ಸಿರೀಷಾ ನನ್ನ ಕೈ ಹಿಡಿದು ಅಜ್ಜಿಯ ಕೋಣೆಗೆ ಎಳೆದುಕೊಂಡು ಹೋದಳು. ಅವಳ ಇನ್ನೊಂದು ಕೈಯಲ್ಲಿ ಆ ಆನೆ ಇತ್ತು. "ಆವತ್ತು ಪರದೆ ಮೇಲೆ ಬಂತಲ್ಲ ಅಕ್ಕಾ, ಅದನ್ನ ನನಗೆ ತೋರಿಸು. ನಾನ್ನ ನನಗೆ ಹೇಳಲಿಲ್ಲ. ಅದನ್ನಾದರೂ ಓದಬೇಕು" ಅಂದಳು.

ಎಲ್ಲಿಂದ ತೋರಿಸಲಿ? ಪದ್ಮಾಗೆ ಫೋನು ಮಾಡಿ, ವಿಷಯ ತಿಳಿಸಿ, ಫೋನನ್ನು ಸಿರೀಷಾಳ ಕೈಗಿತ್ತೆ. ಆ ಮಾತುಗಳು ಪದ್ಮಾಗೂ ಒಂದಕ್ಷರ ಮರೆತಿರಲಿಲ್ಲ. ಅವಳು ನಿಧಾನವಾಗಿ ತೆಲುಗಿನಲ್ಲಿ ಹೇಳುತ್ತಾ ಹೋದಳು. ಸಿರೀಷಾ ಆನೆಯನ್ನು ಎದೆಗೆ ಒತ್ತಿಕೊಂಡು, ಗೋಡೆಗೊರಗಿ ಕೇಳಿಸಿಕೊಂಡಳು. ಮುಗಿದ ಮೇಲೆ, "ಇನ್ನೊಂದು ಸಲ ಹೇಳಿ" ಅಂದಳು.

ಆ ಸಾಲನ್ನು ಬರೆದವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಾನಂತೂ ಅಲ್ಲ.