ಔರಾದ್‌ನಲ್ಲಿ ಒಂದು ಲೋಟ ನೀರು

ಔರಾದ್‌ನ ಪುಟ್ಟ ಕ್ಲಿನಿಕ್ಕಿನ ಬಾಗಿಲು ಇನ್ನೂ ಪೂರ್ತಿ ತೆರೆದಿಲ್ಲ. ರಂಜಾನ್ ತಿಂಗಳ ಬೆಳಗು. ಖಾಜಾ ಮಿಯಾ ಹೆಂಡತಿ ಅಕ್ತರಬೀಯನ್ನು ಆಟೋದಿಂದ ಇಳಿಸುತ್ತಿದ್ದಾರೆ. ಆಕೆಯ ಕೈ ನಡುಗುತ್ತಿದೆ, ಹೆಜ್ಜೆ ಎತ್ತಲೋ ಬೀಳುತ್ತಿದೆ, ವಾಂತಿ ನಿಂತಿಲ್ಲ.

"ಹಳೀ ಬಿಮಾರಿ ತಿರುಗಿ ಬಂತ್ರಿ ಮೇಡಂ. ಗುಳಿಗಿ ಡಬಲ್ ಮಾಡ್ರಿ."

"ಡಬಲ್ ಮಾಡಿದ್ರ ಆಕಿನ್ನ ಕಳ್ಕೋತೀರಿ. ಇವತ್ತ ಒಂದೂ ಬ್ಯಾಡ. ಆಂಬುಲೆನ್ಸಿಗಿ ಫೋನ್ ಹಚ್ರಿ," ಎನ್ನುತ್ತಾರೆ ಮನೋವೈದ್ಯೆ ಮಹಾಮಾಯಾ.

ಮನಸ್ಸಿನ ವಿಪರೀತ ಏರಿಳಿತ ತಡೆಯಲು ಅಕ್ತರಬೀ ನುಂಗುವುದು ಲಿಥಿಯಂ ಗುಳಿಗೆ. ಮೈಯಲ್ಲಿ ನೀರು ಕಡಿಮೆಯಾದರೆ ಅದು ಹೊರಹೋಗದೆ ರಕ್ತದಲ್ಲೇ ಉಳಿದು ವಿಷವಾಗುತ್ತದೆ. ಬಿಸಿಲೇರುತ್ತಿರುವ ಈ ದಿನಗಳಲ್ಲಿ ಆಕೆ ರೋಜಾದ ಒಂದೂ ಉಪವಾಸ ಬಿಟ್ಟಿಲ್ಲ. ಈಗಲೂ ವೈದ್ಯೆ ಹಿಡಿದ ಲೋಟಕ್ಕೆ ತುಟಿ ತೆರೆಯುತ್ತಿಲ್ಲ.

ಮಹಾಮಾಯಾ ಭಾಲ್ಕಿ ತಾಲ್ಲೂಕಿನ ಭಾತಂಬ್ರಾದವರು. ಬೀದರ್‌ನಲ್ಲಿ ಮನೆ, ವಾರಕ್ಕೊಂದು ದಿನ ಭಾಲ್ಕಿ, ಒಂದು ದಿನ ಔರಾದ್. ದಿನಕ್ಕೆ ನಲವತ್ತು ಮಂದಿ ಬರುತ್ತಾರೆ. "ಮೊದಮೊದಲ ರಕ್ತದ ರಿಪೋರ್ಟ್ ಒಂದೇ ನೋಡ್ತಿದ್ದೆರಿ. ಭಾಲ್ಕಿಯೊಳಗ ಒಬ್ಬಾಕಿ, ‘ನನ್ನ ಮಾರಿ ಯಾವಾಗ ನೋಡ್ತೀರಿ’ ಅಂತ ಕೇಳಿದಳು. ಅವತ್ತಿಂದ ಎರಡೂ ನೋಡ್ತೇನಿ." ಇವರ ಬೆರಳು, ಲಿಥಿಯಂನಿಂದ ಊದಬಹುದಾದ ಕುತ್ತಿಗೆಯ ಥೈರಾಯ್ಡ್ ಗಂಟು ತಡವುತ್ತಿರುವಾಗಲೇ ಬಾಯಿ ಅತ್ತೆಯ ಜಗಳ ವಿಚಾರಿಸುತ್ತದೆ.

ಗಂಡ ಫೋನ್ ಹಿಡಿದು ಹೊರಹೋಗುತ್ತಲೇ ಮಹಾಮಾಯಾ ನೆಲದ ಮೇಲೆ, ಆಕೆಯ ಪಕ್ಕ ಕೂರುತ್ತಾರೆ.

"ಬಿಮಾರ್ ಇದ್ದವರಿಗಿ ರೋಜಾ ಮಾಫ್ ಅದ ಅಲ್ಲ ಅಕ್ತರಬೀ?"

"ಪಾಗಲ್ ಇದ್ದವರಿಗೂ ಮಾಫ್ ಅದರಿ," ನಾಲಿಗೆ ತೊದಲುತ್ತದೆ. "ಬಿಟ್ರ ಓಣಿ ಮಂದಿ ಏನಂತಾರ? ಪಾಗಲ್ ಅದಾಳ, ಅದಕ್ಕ ಬಿಟ್ಟಳು ಅಂತಾರ."

ವೈದ್ಯೆಯ ಗುಳಿಗೆಯ ಲೆಕ್ಕದಲ್ಲಿ ಓಣಿಯ ಈ ಮಾತು ಇರಲಿಲ್ಲ. ಆಕೆಯ ಕಣ್ಣು ಮುಚ್ಚಿಕೊಳ್ಳುತ್ತಿದೆ.

"ನಂದ್ ಕೇಳ್. ಇವತ್ತ ಕೆಟ್ಟಿದ್ದು ತಲಿ ಅಲ್ಲ. ನೀರಿಲ್ದ ಗುರ್ದಾ, ಕಿಡ್ನಿ, ಸೋತಾವ, ಗುಳಿಗಿ ಹೊರಗ ಹಾಕಲ್ಲಾಗ್ಯಾವ. ನಿನ್ನ ರಕ್ತಾನೇ ಸಾಕ್ಷಿ ಹೇಳ್ತದ. ಜ್ವರ ಬಂದಾಕಿ ನೀರು ಕುಡಿಯಲ್ಲೇನು?"

"ಖರೇ ರೀ?"

"ಬೀದರ್‌ನಾಗ ರಕ್ತ ನೋಡಿಸ್ತೇನಿ. ಕಾಗದ ನಿನ್ನ ಕೈಯಾಗೇ ಕೊಡ್ತೇನಿ."

ಅಕ್ತರಬೀ ಕೈ ಚಾಚಿ ಲೋಟ ಹುಡುಕುತ್ತಾಳೆ. "ಬಿಸ್ಮಿಲ್ಲಾ" ಎಂದು ಗುಟುಕು ಗುಟುಕಾಗಿ ಕುಡಿಯುತ್ತಾಳೆ.

ಆಂಬುಲೆನ್ಸ್ ಸುತ್ತ, ಸುದ್ದಿ ತಿಳಿದು ಬಂದ ಓಣಿಯ ಹೆಂಗಸರು ನೆರೆದಿದ್ದಾರೆ. ಒಬ್ಬಾಕೆ, "ಮತ್ತ ತಲಿ ಕೆಟ್ಟದೇನು?" ಎನ್ನುತ್ತಾಳೆ. ಸ್ಟ್ರೆಚರ್ ಮೇಲಿಂದಲೇ ಅಕ್ತರಬೀ, ತೊದಲುತ್ತಲೇ, ಎಲ್ಲರಿಗೂ ಕೇಳುವಂತೆ ಹೇಳುತ್ತಾಳೆ: "ಗುರ್ದಾ! ಗುರ್ದಾಕ್ಕ ನೀರು ಸಾಲ್ಲಿಲ್ಲ!"

ಬೀದರ್‌ನಲ್ಲಿ ಸಲೈನ್ ಏರುತ್ತದೆ, ಸಂಜೆಗೆ ನಡುಕ ಇಳಿಯುತ್ತದೆ. ಮಹಾಮಾಯಾ ಮುಂದಿನ ರಂಜಾನ್‌ಗೆ ಎರಡು ತಿಂಗಳು ಮೊದಲೇ, ಗುಳಿಗೆ ಹೊಂದಿಸಲು, ಆಕೆಯನ್ನು ಕರೆತರಬೇಕೆಂದು ಖಾಜಾ ಮಿಯಾಗೆ ತಾಕೀತು ಮಾಡುತ್ತಾರೆ. ನಿಮ್ಮ ಆಸೆ ಏನು ಎಂದು ನಾನು ಕೇಳಿದರೆ ಕನ್ನಡಕ ಒರೆಸಿಕೊಳ್ಳುತ್ತಾರೆ.

"ಗುರ್ದಾ ಅಂತ ಎಷ್ಟು ಜೋರ್ ಹೇಳಿದಳು, ಕೇಳಿದ್ರಲ್ಲ. ಒಂದಿನ ಮನಸಿನ ಬ್ಯಾನಿನೂ ಅಷ್ಟೇ ಜೋರ್ ಹೇಳಬೇಕ್ರಿ. ಅದನ್ನ ಕೇಳೇ ನಾ ರಿಟೈರ್ ಆಗೋದು."